ಏಕಾಂತಯ್ಯನೂ ಹಳದಿ ವಿಮಾನವೂ

ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ಏಕಾಂತಯ್ಯ ಇಪ್ಪತ್ತೆಂಟು ವರ್ಷ ರೇಡಿಯೋ ರಿಪೇರಿ ಮಾಡಿದ. ಯಾವ ಶಾಲೆಯೂ ಅವನಿಗೆ ಆ ವಿದ್ಯೆ ಕಲಿಸಲಿಲ್ಲ. ನಾನು ತೆಂಗಿನ ತೋಟವನ್ನು ತೋಟದಿಂದಲೇ ಕಲಿತ ಹಾಗೆ, ಅವನು ಕೆಟ್ಟ ಪೆಟ್ಟಿಗೆಗಳನ್ನು ಬಿಚ್ಚಿ ಬಿಚ್ಚಿಯೇ ಕಲಿತ. ಓದಿ ಬಂದವರಿಗಿಂತ ನಾವಿಬ್ಬರೂ ಕಮ್ಮಿಯೇನಲ್ಲ ಎಂಬುದು ನಮ್ಮಿಬ್ಬರ ಗಟ್ಟಿ ನಂಬಿಕೆ.

"ನನ್ನ ಅಂಗಡಿಯಿಂದ ಹೆಣ ಆಚೆ ಹೋಗಲ್ಲ ಕಣ್ಲಾ ಕೆಂಚ, ಉಸಿರಾಡ್ಕೊಂಡೇ ಹೋಗ್ತದೆ," ನನಗೆ ಅನ್ನುತ್ತಿದ್ದ.

ಎಂಬತ್ಮೂರನೇ ಇಸವಿಯ ಹೊತ್ತಿಗೆ ಆ ಮಾತಿನಲ್ಲಿ ಕಸುವು ಉಳಿದಿರಲಿಲ್ಲ. ವಯಸ್ಸು ಅರವತ್ತಾಗಿತ್ತು. ಸೀಸ ಕಾಯಿಸಿದ ಹೊಗೆ ಕುಡಿದು ಕುಡಿದು ಕೆಮ್ಮು ಅಂಟಿಕೊಂಡಿತ್ತು. ಬೆಸುಗೆ ಹಾಕುವಾಗ ಬಲಗೈ ನಡುಗದಂತೆ ಎಡಗೈಯಿಂದ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದ. ಜನ ರೇಡಿಯೋ ಕೆಟ್ಟರೆ ಮೂಲೆಗೆ ಎಸೆದು ಕ್ಯಾಸೆಟ್ ಹಾಡುವ ಹೊಸದನ್ನು ತರುತ್ತಿದ್ದರು.

ಆ ವರ್ಷವೇ ನಮ್ಮ ಹಾಲ್ಕುರಿಕೆಯ ಹುಚ್ಚರಂಗಯ್ಯ ಅವನ ಅಂಗಡಿಗೆ ಒಂದು ವಿಮಾನ ಹೊತ್ತುಕೊಂಡು ಹೋದ. ಹುಚ್ಚರಂಗಯ್ಯ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾಗಿ ಬಂದವನು. ತಾನೇ ಕಟ್ಟಿದ ವಿಮಾನ ಅದು. ಹಗುರ ಮರದ ಮೈ, ಮಾರುದ್ದದ ಹಳದಿ ರೆಕ್ಕೆ, ಮುಂದೊಂದು ಪುಟ್ಟ ಎಂಜಿನ್ನು. ನೆಲದ ಮೇಲೆ ನಿಂತು ಕೈಯಲ್ಲಿನ ಪೆಟ್ಟಿಗೆಯ ಗುಂಡಿ ಒತ್ತಿದರೆ ವಿಮಾನದ ಒಳಗಿನ ರೇಡಿಯೋ ಅದನ್ನು ಕೇಳಿಸಿಕೊಂಡು ಬಾಲ ತಿರುಗಿಸಬೇಕು. ಆ ರೇಡಿಯೋ ಸುಮ್ಮನಾಗಿ ಹತ್ತು ವರ್ಷವಾಗಿತ್ತು. ಹುಚ್ಚರಂಗಯ್ಯನ ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣೂ ವರ್ಷದೊಳಗೆ ಮುಚ್ಚುತ್ತದೆ ಎಂದು ಡಾಕ್ಟರು ಹೇಳಿದ್ದರು.

"ಕಾಣೋವಾಗ್ಲೇ ಒಂದ್ಸಲ ಅದು ಹಾರೋದ ನೋಡ್ಬೇಕು ಕಣಯ್ಯ. ಬೇರೇನೂ ಬ್ಯಾಡ," ಎಂದ.

ಏಕಾಂತಯ್ಯ ಮೂರು ತಿಂಗಳು ಆ ಹಳೇ ರೇಡಿಯೋ ಜೊತೆ ಗುದ್ದಾಡಿದ. ಅದರ ಟ್ರಾನ್ಸಿಸ್ಟರುಗಳನ್ನು ಆಗಲೇ ಯಾರೂ ಮಾಡುತ್ತಿರಲಿಲ್ಲ. ತಾನು ಬಚ್ಚಿಟ್ಟುಕೊಂಡಿದ್ದ ಹಳೇ ಸಾಮಾನೆಲ್ಲ ಸುರಿದ. ಆದರೂ ರೇಡಿಯೋ ಕುಂಯ್ ಎನ್ನಲಿಲ್ಲ. ಅಷ್ಟರಲ್ಲಿ ಹುಚ್ಚರಂಗಯ್ಯನ ಹಳೇ ಜೊತೆಗಾರನೊಬ್ಬ ತಾನು ಬಳಸಿ ಬಿಟ್ಟಿದ್ದ ಹೊಸ ಬಗೆಯ ಸೆಟ್ಟು ಕಳಿಸಿಕೊಟ್ಟ. ಬೆಂಕಿಪೊಟ್ಟಣದಷ್ಟು ರೇಡಿಯೋ, ಅದಕ್ಕೊಪ್ಪುವ ಪುಟ್ಟ ಮೋಟಾರುಗಳು. ಅದರ ಕೈಪೆಟ್ಟಿಗೆಯ ಕಡ್ಡಿಯನ್ನು ಎಷ್ಟು ವಾಲಿಸಿದರೆ ಬಾಲವೂ ಅಷ್ಟೇ ವಾಲುತ್ತದೆ. ಏಕಾಂತಯ್ಯ ಹತ್ತು ದಿನದಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ, ಅದುರದಂತೆ ಸುತ್ತ ತೆಂಗಿನ ನಾರು ತುಂಬಿದ.

ಕಿತ್ತದ್ದನ್ನು ಮಾತ್ರ ಬಿಡಲಿಲ್ಲ. ಚೀಲಕ್ಕೆ ಹಾಕಿಕೊಂಡು ಹೋದಲ್ಲೆಲ್ಲ ಒಯ್ಯುತ್ತಿದ್ದ.

"ಸತ್ತದ್ದನ್ನ ಯಾಕ್ಲಾ ಹೊರ್ತೀಯ?" ಅಂದೆ.

"ಸತ್ತಿಲ್ಲ. ಮಲಗೈತೆ."

ಮಾಘದ ಒಂದು ಸಂಜೆ ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನಮ್ಮೂರಿಗೆ ಬಂದ. ಬೆಳಿಗ್ಗೆ ಕೆರೆಯಂಗಳದಲ್ಲಿ ಹಾರಿಸುವುದೆಂದು ಮಾತಾಗಿತ್ತು. ನಮ್ಮ ಜಗಲಿಯಲ್ಲಿ ರೆಕ್ಕೆಗಳ ಅಡಿಗೆ ಎರಡು ಬೆರಳು ಕೊಟ್ಟು ಎತ್ತಿದ. ಬಾಲ ದೊಪ್ಪೆಂದು ಕೆಳಗೆ ಕೂತಿತು. ಹಳೆಯದರ ಭಾರ ಮೂತಿಯಲ್ಲಿತ್ತು. ಅದು ಹೋಗಿ ಹಗುರದ್ದು ಬಂದು ತೂಕ ಕೆಟ್ಟಿತ್ತು. ಹೀಗೇ ಬಿಟ್ಟರೆ ಮೂತಿ ಎತ್ತಿ ಮೊಗಚಿ ಬೀಳುತ್ತದೆ ಅಂದ.

"ಆ ಹಳೇದನ್ನೇ ಮೂತಿಗೆ ತುರುಕು. ಚೀಲದಾಗೇ ಐತಲ್ಲ," ಅಂದೆ.

ಅವನ ಮುಖ ಕಪ್ಪಿಟ್ಟಿತು. "ಅದೇನು ಕಲ್ಲೇನ್ಲಾ, ತೂಕಕ್ಕೆ ಇಡಾಕೆ? ಒಂದು ಗಿಟಕು ಕೊಡು."

ಕೊಟ್ಟೆ. ಆ ಒಣಕೊಬ್ಬರಿ ಉಂಡೆಯನ್ನು ಚಾಕುವಿನಲ್ಲಿ ಚೂರು ಚೂರೇ ಹೆರೆದು ಮೂತಿಯೊಳಗೆ ಕೂರಿಸಿದ. ಬೆರಳ ಮೇಲೆ ವಿಮಾನ ತಕ್ಕಡಿಯಂತೆ ಸಮ ನಿಂತಿತು. ನನ್ನ ಹೆಂಡತಿ ತಿಮ್ಮಕ್ಕ ಹೆರೆದ ಚೂರುಗಳನ್ನು ಬಳಿದುಕೊಳ್ಳುತ್ತಾ, "ಹೊಟ್ಟೆ ತುಂಬ್ತಾ ನಿಮ್ಮ ವಿಮಾನುಕ್ಕೆ? ಬೆಲ್ಲ ಬೇಕಾದ್ರೆ ಕೇಳ್ರಪ್ಪ!" ಅಂದಳು.

ನಾನು ಅದನ್ನು ಅಟ್ಟಕ್ಕೆ ಏರಿಸಿದೆ. ನಮ್ಮ ಕಡೆ ಜೋಪಾನ ಮಾಡಬೇಕಾದ ಯಾವ ಸಾಮಾನೇ ಆಗಲಿ, ಕೈ ತಾನಾಗಿ ಅಟ್ಟದ ಕಡೆ ಹೋಗುತ್ತದೆ. ವರ್ಷದ ಕಾಯೆಲ್ಲ ಕೊಬ್ಬರಿಯಾಗಲು ಅಲ್ಲೇ ಕೂತಿರುತ್ತದೆ. ಅದನ್ನು ಕಾಯುವ ಇಲಿಗಳೂ ಅಲ್ಲೇ. ಸಿಪ್ಪೆಯೂ ಚಿಪ್ಪೂ ಇರುವ ಕಾಯಿಗೆ ಅವು ಹಲ್ಲು ಊರಲಾರವು. ನಾವಾದರೋ ಬಿಚ್ಚಿದ ಕೊಬ್ಬರಿಯನ್ನು ಕಾಗದದಂಥ ಮರದೊಳಗಿಟ್ಟು ಅವುಗಳ ಮನೆಗೇ ಕಳಿಸಿದ್ದೆವು. ಅರವತ್ತು ವರ್ಷ ತೆಂಗಿನ ಜೊತೆ ಬಾಳಿದ ನನಗೆ ಅದು ಹೊಳೆಯಲಿಲ್ಲ.

ಬೆಳಿಗ್ಗೆ ಇಳಿಸಿ ನೋಡಿದರೆ ಮೂತಿಯ ಕೆಳಗೆ ಬೆರಳು ತೂರುವಷ್ಟು ತೂತು. ಒಳಗೆ ಕೊಬ್ಬರಿಯ ಪುಡಿ. ಪುಣ್ಯಕ್ಕೆ ತಂತಿ ಮುಟ್ಟಿರಲಿಲ್ಲ. ಹುಚ್ಚರಂಗಯ್ಯ ಆಗಲೇ ಕೆರೆಯಂಗಳದಲ್ಲಿ ಕಾಯುತ್ತಿದ್ದ. ಎಂಟು ಗಂಟೆ ದಾಟಿದರೆ ಗಾಳಿ ಏಳುತ್ತದೆ.

"ಇನ್ನೊಂದು ಗಿಟಕು ತರ್ಲಾ?" ಅಂದೆ ಮುಖ ತಗ್ಗಿಸಿ.

"ಹೆರೆಯಾಕೆ ಹೊತ್ತೆಲ್ಲೈತೆ? ಕೈನೂ ಕೇಳಲ್ಲ."

ಜಗಲಿಯ ಅಂಚಿಗೆ ಕುಕ್ಕರಿಸಿದ. ತುಂಬಾ ಹೊತ್ತು ಕೆಮ್ಮಿದ. ಆಮೇಲೆ ಚೀಲದೊಳಗೆ ಕೈ ಹಾಕಿ ಆ ಹಳೇ ರೇಡಿಯೋ ತೆಗೆದ. ಅಂಗೈಯಲ್ಲಿ ಹೊರಳಿಸಿ ನೋಡಿ, ಜೋತಾಡುತ್ತಿದ್ದ ತಂತಿಯನ್ನು ಕತ್ತರಿಸಿ, ಮೂತಿಯೊಳಗೆ ಒತ್ತಿ ನಾರು ಗಿಡಿದ. ತೂತಿಗೆ ಗೋಂದು ಕಾಗದ ಹಚ್ಚಿದ. ಬೆರಳ ಮೇಲೆತ್ತಿದರೆ ಸಮ.

"ಹೋಯ್ತು ಬುಡು," ಅಂದ.

ಕೆರೆಯಂಗಳದಲ್ಲಿ ಎಂಜಿನ್ನು, ಇಂಧನಕ್ಕೆ ಬೆರೆಸಿದ್ದ ಹರಳೆಣ್ಣೆಯ ಹೊಗೆ ಉಗುಳಿ ಚೀರಿತು. ಹುಚ್ಚರಂಗಯ್ಯನ ಕೈಯಲ್ಲಿ ಪೆಟ್ಟಿಗೆ, ಅವನ ಹೆಗಲಿಗೆ ಹೆಗಲು ತಾಗಿಸಿ ಏಕಾಂತಯ್ಯ. ನಾನು ವಿಮಾನವನ್ನು ಎತ್ತಿ ಹಿಡಿದು ಓಡಿ ಗಾಳಿಗೆ ತೂರಿದೆ. ವಿಮಾನ ಮೂತಿ ಎತ್ತಲಿಲ್ಲ, ತಗ್ಗಿಸಲಿಲ್ಲ. ನೆಟ್ಟಗೆ ಹೋಗಿ ತೆಂಗಿನ ಸುಳಿಗಳ ಮೇಲೆ ಏರಿತು.

"ಕಾಣ್ತೈತಾ?" ಏಕಾಂತಯ್ಯ ಕೇಳಿದ.

"ಕಾಣ್ತೈತೆ ಕಣಯ್ಯ! ಹಳದಿ, ಅಗೋ ಹಳದಿ!" ಹುಚ್ಚರಂಗಯ್ಯ ಕೂಗಿದ. ನಾಲ್ಕು ಸುತ್ತು ಹೊಡೆಸಿದ. ಐದನೆಯದರಲ್ಲಿ ವಿಮಾನ ಬಿಸಿಲಿನೊಳಗೆ ಹೊಕ್ಕಿತು.

"ಎಲ್ಲೋಯ್ತು?"

"ಎಡಕ್ಕೈತೆ. ನಿಧಾನ. ಇಳಿಸು... ಇನ್ನೊಂಚೂರು," ಏಕಾಂತಯ್ಯ ಅವನ ಕಿವಿಯಲ್ಲಿ ಹೇಳುತ್ತಾ ಹೋದ.

ಒಣಗಿದ ಮಣ್ಣಿನ ಮೇಲೆ ಕುಪ್ಪಳಿಸಿ ನಿಂತಿತು. ಒಂದು ಚಕ್ರ ಕಿತ್ತುಹೋಯಿತು, ಬೇರೇನಿಲ್ಲ. ಹುಚ್ಚರಂಗಯ್ಯ ತಡವುತ್ತಾ ಹೋಗಿ ಅದನ್ನೆತ್ತಿ, ಮೂತಿಯನ್ನು ಅಲ್ಲಾಡಿಸಿದ. ಹಳೇ ಭಾರ ಅವನ ಕೈಗೆ ಗುರುತು ಸಿಕ್ಕಿತು.

"ಏನಿಟ್ಟಿದೀಯ ಇಲ್ಲಿ? ನನ್ನ ಹಳೇ ರೇಡಿಯೋನಾ? ಬೇಕಾದ್ರೆ ತಗೊಳಯ್ಯ."

"ಅಲ್ಲೇ ಇರ್ಲಿ. ತೆಗುದ್ರೆ ಬೀಳ್ತದೆ," ಅಂದ ಏಕಾಂತಯ್ಯ.

ಮಧ್ಯಾಹ್ನದ ಮುದ್ದೆಗೂ ಏಳದೆ ನಮ್ಮ ಜಗಲಿಯಲ್ಲಿ ಮಲಗಿದ್ದ. ಸಂಜೆಯ ಬಸ್ಸಿಗೆ, ಖಾಲಿ ಚೀಲವನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಹತ್ತಿದ.