ಅಟ್ಟದ ಕೆಳಗಿನ ಬೆಂಕಿ

ಗಂಡ ಚಿಕ್ಕಹನುಮಯ್ಯ ತೀರಿಕೊಂಡಾಗ ಬಿಳಿಗೆರೆಯ ಭೈರಮ್ಮನಿಗೆ ಅಳು ಬರಲಿಲ್ಲ. ಊರವರ ಬಾಯಿ ಸುಮ್ಮನಿರುತ್ತದೆಯೇ? ಕಲ್ಲೆದೆಯವಳು ಅಂದರು. ಅವಳಿಗೆ ಅದೂ ನಾಟಲಿಲ್ಲ. ಬಂದದ್ದು ಕೆಮ್ಮು, ಗಂಡನನ್ನು ಒಯ್ದ ಅದೇ ಕೆಮ್ಮು. ಬೆಳಿಗ್ಗೆ ಎದ್ದರೆ ಕಫ, ಹಿತ್ತಿಲಿಗೆ ಹೋಗಿ ಬಂದರೆ ಏದುಸಿರು. ಮೊಸರು ಬಿಟ್ಟಳು, ಎಳನೀರು ಬಿಟ್ಟಳು. ಹೊಗೆಯನ್ನು ಮಾತ್ರ ಬಿಡಲಿಲ್ಲ ನೋಡಿ.

ಬಿಡುವುದಾದರೂ ಹೇಗೆ? ಅಟ್ಟದ ತುಂಬ ಕಾಯಿ. ವರ್ಷವಿಡೀ ಅಲ್ಲೇ ಒಣಗಿ ಕೊಬ್ಬರಿಯಾಗಬೇಕು. ಮಳೆಗಾಲದ ಥಂಡಿಗೆ ಕೊಳೆಯದಿರಲೆಂದು ಚಿಕ್ಕಹನುಮಯ್ಯ ಅಟ್ಟದ ಕೆಳಗೆ ಮಟ್ಟೆ ಹೊತ್ತಿಸಿ ಹೊಗೆ ಹಾಕುತ್ತಿದ್ದ. ಈಗ ಇವಳು ಹಾಕುತ್ತಿದ್ದಳು.

ಕೊನೆಗೆ ಮಗಳು ಪವಿತ್ರಾ ಬಯ್ದು, ಬಸ್ಸು ಹತ್ತಿಸಿ ತಿಪಟೂರಿಗೆ ಕರೆದೊಯ್ದಳು. ಡಾಕ್ಟರು ಕಫ ಪರೀಕ್ಷೆ ಮಾಡಿಸಿದರು, ಕೊಳವೆಯೊಳಗೆ ಊದಿಸಿ ನೋಡಿದರು. ಕ್ಷಯವಲ್ಲ, ಹಳೇ ಬ್ರಾಂಕೈಟಿಸ್ ಎಂದರು. ಉಸಿರಿನ ನಾಳಗಳು ಊದಿಕೊಂಡು ಕಫ ಕಟ್ಟುತ್ತದಂತೆ. ಇನ್‌ಹೇಲರ್ ಎಳೆಯುವುದನ್ನು ತೋರಿಸಿಕೊಟ್ಟರು. ಕೆಮ್ಮು ತಗ್ಗಿತೆಂದು ಅದನ್ನು ನಿಲ್ಲಿಸಬಾರದು, ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ, ಉಸಿರು ಸಿಗದಂತಾದರೆ ಕಾಯದೆ ಬರಬೇಕು ಎಂದರು. ಭೈರಮ್ಮ ಗೋಡೆ ನೋಡುತ್ತ ಎಲ್ಲಕ್ಕೂ ಹೂಂ ಅಂದಳು. ಈ ಕಾಯಿಲೆ ತಂದದ್ದೇ ಹೊಗೆ, ಅದು ನಿಲ್ಲದೆ ಯಾವ ಔಷಧಿಯೂ ಉಸಿರು ಉಳಿಸದು ಎಂದಾಗ ಮಾತ್ರ ಹೂಂ ಅನ್ನಲಿಲ್ಲ.

ಮನೆಗೆ ಬಂದವಳೇ ಪವಿತ್ರಾ ಅಟ್ಟದ ಕೆಳಗೆ ಇನ್ನೂ ಹೊಗೆಯಾಡುತ್ತಿದ್ದ ಬೆಂಕಿಗೆ ಸುರಿಯಲು ನೀರಿನ ಬಿಂದಿಗೆ ಎತ್ತಿದಳು. ಭೈರಮ್ಮ ಅವಳ ಕೈ ಹಿಡಿದಳು.

"ಬುಡು, ಆರಿಸ್‌ಬ್ಯಾಡ."

"ಕಾಯಿ ಕೊಳೆತ್ರೆ ಕೊಳೀಲಿ ಕಣವ್ವ. ನೀನು ಉಳೀಬೇಕು."

"ಕಾಯಿಗಲ್ಲ ಕಣೇ." ಭೈರಮ್ಮ ಬೆಂಕಿಯ ಪಕ್ಕದ ಖಾಲಿ ಮಂಚ ನೋಡಿದಳು. "ನಿಮ್ಮಪ್ಪ ಚಳಿ ಚಳಿ ಅಂತಿದ್ರು. ಮಂಚ ಎಳ್ದು ಬೆಂಕಿ ಹತ್ರ ಹಾಕ್ದೋಳು ನಾನೇ. ಗಾಳಿ ಬಡೀತದೆ ಅಂತ ಕಿಟಕಿ ಮುಚ್ದೋಳೂ ನಾನೇ. ಇದ್ನ ಆರಿಸಿದ್ರೆ, ಈ ಹೊಗೇನೇ ಅವ್ರನ್ನ ತಿಂತು ಅಂತ ಒಪ್ಕಂಡಂಗಲ್ವಾ?"

ಭೈರಮ್ಮನ ಕಣ್ಣು ಆಗಲೂ ಒಣಗಿಯೇ ಇತ್ತು. ದುಃಖವೋ ಭಯವೋ, ಎದೆಯೊಳಗೆ ಏನಿದೆಯೆಂದು ಅವಳಿಗೇ ಗೊತ್ತಾಗಲಿಲ್ಲ. ಕೆಮ್ಮು ಬಂತು, ಮಂಚ ಹಿಡಿದು ನಿಂತು ಕೆಮ್ಮಿದಳು. ಆಮೇಲೆ ಮಗಳ ಕೈಯಿಂದ ಬಿಂದಿಗೆ ಇಸಿದುಕೊಂಡು ತಾನೇ ಬೆಂಕಿಗೆ ಸುರಿದಳು.

ಮಳೆಗೆ ಉಬ್ಬಿದ್ದ ಕಿಟಕಿ ಬಿಗಿದುಕೊಂಡಿತ್ತು. ಅಂಗೈಯಿಂದ ಗುದ್ದಿ ಗುದ್ದಿ ತೆರೆದಳು. ತೋಟದ ತಣ್ಣನೆ ಗಾಳಿ ಒಳಗೆ ನುಗ್ಗಿ ಮಂಚದ ಮೇಲೆಲ್ಲ ಹರಿಯಿತು. ಚಳಿ ಅನ್ನಲು ಅಲ್ಲಿ ಯಾರೂ ಇರಲಿಲ್ಲ.