ಗೋಣಿಚೀಲ ಕಟ್ಟಿಸಿಕೊಂಡ ಎ.ಸಿ. ಕಾರು

ನೀವು ಎ.ಸಿ. ಕಾರಿನಲ್ಲಿ ಕೂತು ಬೆವರಿದ್ದೀರಾ? ನಾನು ಬೆವರಿದ್ದೇನೆ. ಹೋದ ವಾರ, ಹರಪನಹಳ್ಳಿಯಿಂದ ಕೊಟ್ಟೂರಿನವರೆಗೆ. ಅದೂ ಕಿಟಕಿ ಮುಚ್ಚಿಕೊಂಡು!

ತಂಗಿ ಶಾಂತಳಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಹರಪನಹಳ್ಳಿಯ ಗಂಡನ ಮನೆಯಿಂದ ನಮ್ಮೂರು ಕೂಡ್ಲಿಗಿಗೆ ಕರೆತರಲು ಹೋಗಿದ್ದೆ. ಅವಳ ಅತ್ತೆ ನೀಲಮ್ಮ ಸುಲಭಕ್ಕೆ ಬಗ್ಗುವವರಲ್ಲ. “ಈ ಬಿಸಲಾಗ ಬಸುರಿನ್ನ ಹೆಂಗ ಕಳಸ್ಲಿ? ಇಲ್ಲೇ ಇರ್ಲಿ ಬಿಡ್ರಿ, ಬಾಣಂತನ ನಾನೇ ಮಾಡ್ತೀನಿ” ಎಂದು ಹಿಂದಿನ ಸಲ ನನ್ನನ್ನು ಬರಿಗೈಲಿ ಕಳಿಸಿದ್ದರು. ಇತ್ತ ಅವ್ವನದು ದಿನಾ ಕಣ್ಣೀರು. ಹಾಗಾಗಿ ಈ ಸಲ ಗೆಳೆಯ ಬಸಣ್ಣನನ್ನೇ ಕಾರಿನ ಸಮೇತ ಕರೆದೊಯ್ದೆ. ಬೊಂಬಾಯಿಯಿಂದ ತಂದ ಸೆಕೆಂಡ್ ಹ್ಯಾಂಡ್ ಅಂಬಾಸಿಡರ್. ಹಿಂದಿನ ಮಾಲೀಕ ಅದಕ್ಕೆ ಎ.ಸಿ. ಕೂಡಿಸಿದ್ದ. (ಸುತ್ತಲಿನ ಐದು ತಾಲ್ಲೂಕಿಗೆ ಇದೊಂದೇ ಎಂದು ಬಸಣ್ಣನ ಅಂಬೋಣ.)

ನೀಲಮ್ಮ ಷರತ್ತು ಹಾಕಿದರು. “ಕೊಟ್ಟೂರು ತನಕ ನಾನೂ ಬರ್ತೀನ್ರಿ ಬೀಗರ. ಕಾರು ತಣ್ಣಗಾದ್ರ ಆಕಿ ಮುಂದ ಬರ್ತಾಳ. ಇಲ್ಲಂದ್ರ ನನ್ನ ಜೋಡಿ ಬಸ್ಸಿಗೆ ವಾಪಸ್.” (ಬಸ್ಸಿನಲ್ಲಿ ಬಿಸಿಲಿಲ್ಲವೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.)

ಮುಂದಿನ ಸೀಟಿನ ತುಂಬ ಬುತ್ತಿಯ ಬುಟ್ಟಿಗಳು. ಹಿಂದೆ ನಾವು ಮೂವರು. ಗಾಳಿ ನೇರ ತಾಗಲಿ ಎಂದು ಶಾಂತಳನ್ನು ನಡುವೆ ಕೂರಿಸಿದೆ. ಹೊರಡುವ ಮೊದಲು ಇನ್ನೊಂದು ಜಾಣತನವನ್ನೂ ಮಾಡಿದೆ. ಬೇಸಿಗೆಯಲ್ಲಿ ನೀರಿನ ಹರವಿ ತಣ್ಣಗಿರಲು ನಾವು ಏನು ಮಾಡುತ್ತೇವೆ? ಹಸಿ ಗೋಣಿಚೀಲ ಸುತ್ತುತ್ತೇವೆ. ಕಾರಿನ ಮುಂದಿನ ಜಾಲರಿಗೂ ನಾಲ್ಕಾಗಿ ಮಡಿಸಿದ ಹಸಿ ಚೀಲ ಬಿಗಿದು ಕಟ್ಟಿದೆ. “ಭಾಳ ಶಾಣ್ಯಾ ಅದೀಯಲೇ” ಎಂದ ಬಸಣ್ಣ.

ಎರಡು ಮೈಲಿ ಹೋದರೂ ಬರೀ ಉಗುರುಬೆಚ್ಚಗಿನ ಗಾಳಿ. ಸದ್ದು ಮಾತ್ರ ಹಿಟ್ಟಿನ ಗಿರಣಿಯದು. “ಸುರುವಿಗೆ ಹಂಗ, ಜರಾ ತಡಾ ಆಗ್ತೈತಿ” ಎಂದ ಬಸಣ್ಣ. ನೀಲಮ್ಮ ಅಂಗೈ ಚಾಚಿ ಚಾಚಿ ನೋಡಿದರು. “ಇದು ತಂಪೋ, ಒಲಿ ಊದೋ ಗಾಳಿಯೋ?”

ಎಲೆ ಅಡಿಕೆ ಉಗುಳಲು ಅವರು ಘಳಿಗೆಗೊಮ್ಮೆ ಕಿಟಕಿ ಇಳಿಸುತ್ತಿದ್ದುದೇ ಕಾರಣವೆಂದು ನನಗೆ ಗುಮಾನಿ. ಆದರೆ ಬೀಗಿತ್ತಿಗೆ ಉಗುಳಬೇಡಿ ಎನ್ನುವುದು ಹೇಗೆ? ಕೊನೆಗೆ ಬಸಣ್ಣನೇ ಕೈಮುಗಿದ. ಅವರು ಬಾಯಿ ತುಂಬಿಕೊಂಡು ಮೂರು ಮೈಲಿ ಸುಮ್ಮನೆ ಕೂತರು. ಆದರೂ ತಂಪಿಲ್ಲ! ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಬೇರೆ ಏರತೊಡಗಿತು. ನಿಲ್ಲಿಸಿ ಚೀಲಕ್ಕೆ ನೀರು ಸುರಿದೆ. ಇನ್ನೂ ಬಿಸಿ. ಮತ್ತೆ ಸುರಿದೆ. ಮತ್ತೂ ಬಿಸಿ. ಗ್ಯಾಸ್ ಹೋಗಿದೆಯಾ? ಬೆಲ್ಟ್ ಸಡಿಲವಾ? ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಶಾಂತಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಂದೆರಡು ಸಲ “ಅಣ್ಣಾ...” ಎಂದಳು. “ತಡಿಯವ್ವ, ಈಗ ತಂಪಾಗ್ತೈತಿ” ಎಂದೆ.

ಅಂತೂ ಕೊಟ್ಟೂರು ಬಂತು. ಗ್ಯಾರೇಜಿನ ಖಾಜಾಸಾಬರು ಬಾನೆಟ್ ಕೂಡ ಎತ್ತಲಿಲ್ಲ. ಚೀಲ ಕಿತ್ತೆಸೆದರು. “ಎ.ಸಿ. ತನ್ನ ಬಿಸಿ ಹೊರಗ ಹಾಕೋ ಜಾಗಾನೇ ಇದು. ಇಲ್ಲಿ ಗಾಳಿ ಆಡಬೇಕ್ರಿ. ನೀವು ಅದರ ಮೂಗು ಕಟ್ಟಿ ಉಸರಾಡು ಅಂದ್ರ ಹೆಂಗ?”

ಊರೊಳಗೆ ಒಂದು ಸುತ್ತು ಹಾಕುವಷ್ಟರಲ್ಲಿ ಕಾರಿನೊಳಗೆ ಚಳಿ ಕೊರೆಯತೊಡಗಿತು. ನೀಲಮ್ಮ ಸೆರಗು ಹೊದ್ದುಕೊಂಡರು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ, “ಅಯ್ಯ, ಇಷ್ಟು ಥಂಡಿ ಬಸುರಿಗೆ ಆಗೂದಿಲ್ರಿ! ನಡಿ ಶಾಂತಾ, ಬಸ್ಸು ಬರೂ ಹೊತ್ತಾತು” ಎನ್ನಬೇಕೇ!

ತಂಪಿಲ್ಲದಿದ್ದರೂ ವಾಪಸ್, ತಂಪಾದರೂ ವಾಪಸ್ಸಾ? “ಥಂಡಿ ಒಳ್ಳೇದ್ರಿ!” ಎಂದುಬಿಟ್ಟೆ. “ನೀವೇನು ಡಾಕ್ಟರ್ ಅದೀರೇನು?” ಎಂದರು. ಮಾತಿಗೆ ಮಾತು ಬೆಳೆಯಿತು.

“ಸಾಕು ಮಾಡ್ರಿ!” ಶಾಂತಾ ಕೂಗಿದಳು.

“ಹರಪನಹಳ್ಳಿಂದ ಹೇಳಾಕ ನೋಡಾಕತ್ತೀನಿ. ನನಗ ಬಿಸಲೂ ಅಲ್ಲ, ಥಂಡೀನೂ ಅಲ್ಲ. ನಿಮ್ಮಿಬ್ಬರ ನಡುವ ಸಿಕ್ಕು ಉಸರು ಕಟ್ಟೈತಿ. ಅತ್ತಿ, ನಾ ಅವ್ವನ ಹತ್ರ ಹೋಗಿ ಬರ್ತೀನಿ. ಅಣ್ಣಾ, ಆ ಎ.ಸಿ. ಡಬ್ಬಿ ಬಂದ್ ಮಾಡ್ಸು. ನಂಗ ಕಿಟಕಿ ಕಡಿ ಜಾಗ ಬೇಕು.”

ನೀಲಮ್ಮ ಕಾರಿನಿಂದ ಇಳಿದರು. ಹೊರಗಿನಿಂದಲೇ ಸೊಸೆಯ ಕೆನ್ನೆ ಸವರಿ, “ಹುಷಾರವ್ವ” ಎಂದರು. ಕೂಡ್ಲಿಗಿಯವರೆಗೂ ಶಾಂತಾ ಕಿಟಕಿ ಪೂರ್ತಿ ಇಳಿಸಿ, ಬಿಸಿಗಾಳಿಗೆ ಮುಖವೊಡ್ಡಿ, ಹಾಯಾಗಿ ನಿದ್ದೆ ಮಾಡಿದಳು.

ನನಗೆ ಮಾತ್ರ ಇನ್ನೂ ಅರ್ಥವಾಗಿಲ್ಲ: ಬೆಲ್ಟು, ಗ್ಯಾಸು, ಇಂಜಿನ್ನು ಎಲ್ಲವನ್ನೂ ವಿಚಾರಿಸಿದ ನಾನು, ಪಕ್ಕದಲ್ಲೇ ಕೂತವಳನ್ನು ‘ನಿನಗೇನು ಬೇಕವ್ವ’ ಎಂದು ಒಮ್ಮೆಯೂ ಯಾಕೆ ಕೇಳಲಿಲ್ಲ?