ಗುಜರಾತಿಗೆ ಹೋದ ಹಿಟ್ಟಿನ ಕೋಲು

ಇವತ್ತು ಮಗ ಮೊದಲ ಸಲ ಮುದ್ದೆ ಮಾಡಿದ್ದ. ಮುರಿದರೆ ಬೆರಳಿಗೆ ಹಸಿ ಹಿಟ್ಟಿನ ಗಂಟು ಸಿಕ್ಕಿತು. ನೆನಪಿನಲ್ಲಿ ನಾನು ಸೀದಾ ಚಿನಕುರಳಿಯ ಅಜ್ಜಿ ಮನೆಗೆ ಹೋಗಿಬಿಟ್ಟೆ.

ಕ್ವಾರಿಯಲ್ಲಿ ಬಂಡೆ ಸಿಡಿಸಿದಾಗೆಲ್ಲ ಅಲ್ಲಿ ಅಟ್ಟದ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ನೆಲ ನಡುಗುವುದೆಂದರೆ ನಮಗೆ ಅಷ್ಟೇ ಗೊತ್ತು. ಗುಜರಾತಿನಲ್ಲಿ ಭೂಕಂಪ ಆದಾಗ, ನೆಲದಾಳದ ಬಂಡೆಗಳು ಒತ್ತಡ ತಾಳದೆ ಜರುಗಿ ಊರೂರೇ ಕುಸಿದಿವೆ ಎಂದು ಮೇಷ್ಟ್ರು ಹೇಳಿದರು. ಅಲ್ಲಿಗೆ ಹೊರಟಿದ್ದ ಲಾರಿಗೆ ರಾಗಿಹಿಟ್ಟು ಕೇಳಲು ನಮ್ಮ ಮನೆಗೂ ಬಂದರು. ಅಜ್ಜಿ ಮೂಟೆಯ ಜೊತೆಗೆ, ಮುದ್ದೆ ತೊಳಸುವ, ಹಿಡಿದು ಹಿಡಿದು ನುಣುಪಾಗಿದ್ದ ಹಿಟ್ಟಿನ ಕೋಲನ್ನೂ ಕೊಟ್ಟಳು. ಮನೆಯಲ್ಲಿದ್ದದ್ದು ಅದೊಂದೇ.

"ಕೋಲ್ಯಾಕಮ್ಮ?" ಅಂದರು ಮೇಷ್ಟ್ರು.

"ಮನೆಗಳೇ ಬಿದ್ದೋಗವೆ ಅಂತೀರಿ. ಕೋಲು ಎಲ್ಲಿ ಉಳ್ದಿರ್ತದೆ ಮೇಷ್ಟ್ರೇ?"

"ಅವ್ರು ಮುದ್ದೆ ತಿನ್ನೋ ಜನ ಅಲ್ಲ."

"ಹಸ್ದಿರೋರು ಕಲ್ತ್ಕತಾರೆ ಬುಡಿ."

ಅವತ್ತು ಸಂಜೆ ಅಜ್ಜಿ ಸೌಟಿನ ಹಿಡಿಯಲ್ಲೇ ಹಿಟ್ಟು ತೊಳಸಿದಳು. ಮುದ್ದೆ ತುಂಬ ಗಂಟು. ಒಂದು ಗಂಟು ಸಿಕ್ಕರೂ ತಟ್ಟೆ ತಳ್ಳಿ ಏಳುತ್ತಿದ್ದ ತಾತ, ಅವತ್ತು ಕೊನೇ ತುತ್ತಿನವರೆಗೂ ನುಂಗಿ, "ಸಾರು ಚೆನ್ನಾಗದೆ ಕಣಮ್ಮಿ" ಅಂದ.

ಮಗ ನನ್ನ ಮುಖವನ್ನೇ ನೋಡುತ್ತಿದ್ದ.

"ಸಾರು ಚೆನ್ನಾಗದೆ ಕಣ್ಲಾ" ಅಂದೆ.